ಬಂಡೆಯ ವಯಸ್ಸೂ ನನ್ನ ಮದುವೆಯೂ

ಮೊನ್ನೆ ಪಿಂಚಣಿ ಕಚೇರಿಯ ಹುಡುಗಿ ನನ್ನ ಕಾಗದಗಳನ್ನೆಲ್ಲ ತಿರುವಿ ಹಾಕಿ, "ಇದ್ರಲ್ಲಿ ಒಂದು ಹುಟ್ಟಿದ ದಿನ ಐತೆ, ಅದ್ರಲ್ಲಿ ಇನ್ನೊಂದು ಐತೆ. ನೀವು ನಿಜವಾಗ್ಲೂ ಯಾವತ್ತು ಹುಟ್ಟಿದ್ರಿ ಮೇಡಂ?" ಎಂದು ಕೇಳಿದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಮೂಲ ದಾಖಲೆ ಹುಡುಕಿ ತರುತ್ತೇನೆ ಎಂದು ಹೇಳಿ ಮನೆಗೆ ಬಂದು, ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ದಾಖಲೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಕ್ಕಿತು. ಒಂದೇ ತೋಳು ಹೆಣೆದು ಕೈಬಿಟ್ಟ ಸ್ವೆಟರು, ಬಾಯಿ ಒಡೆದ ಮಸಿಕುಡಿಕೆ, ಯಾರದೋ ಗೃಹಪ್ರವೇಶದ ಕರೆಯೋಲೆ, ಮತ್ತು ಸಣ್ಣ ಚರ್ಮದ ಚೀಲದೊಳಗೆ ಹೆಬ್ಬೆರಳಿನಷ್ಟೇ ಇರುವ ಒಂದು ಭೂತಗನ್ನಡಿ.

ಕೈಗೆ ಭೂತಗನ್ನಡಿ ಸಿಕ್ಕ ಮೇಲೆ ಸುಮ್ಮನಿರುವುದು ಯಾರ ಕೈಲಾದೀತು? ನೆಲದ ಮೇಲೆ ಕೂತು ಮೊದಲು ನನ್ನ ಉಗುರು ನೋಡಿದೆ, ಆಮೇಲೆ ನೆಲಹಾಸಿನ ಕಲ್ಲು, ಆಮೇಲೆ ಅಡುಗೆಮನೆಗೆ ಹೋಗಿ ತೊಗರಿಬೇಳೆ. "ದಾಖಲೆ ಸಿಕ್ತಾ?" ಎಂದು ನಮ್ಮ ಮನೆಯವರು ಒಳಗಿನಿಂದ ಕೂಗಿದರು. "ಇಲ್ಲ, ಬೇಳೆಯಾಗೆ ಹುಳ ಅವೆ" ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನನ್ನ ಅಭ್ಯಾಸ ಗೊತ್ತು.

ಆ ಕನ್ನಡಿ ಕೊಟ್ಟವರು ದುರ್ಗದ ಬಾಷಾ ಸಾಹೇಬರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದರು. ಕಲ್ಲಿನ ವಯಸ್ಸು ಪತ್ತೆ ಮಾಡುವುದು ಅವರ ಹುಚ್ಚು. ಒಂದು ಕಾಲದಲ್ಲಿ ನನ್ನ ಮದುವೆ ಅವರ ಆ ಹುಚ್ಚಿನ ಮೇಲೆ ನಿಂತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೂ ಪರವಾಗಿಲ್ಲ, ಪೂರ್ತಿ ಕೇಳಿ.

ನಾವು ಮಾಡದಕೆರೆ ಕಡೆಯ ಕುರಿ ಸಾಕುವ ಜನ. ನಮ್ಮಲ್ಲಿ ಮನುಷ್ಯರ ವಯಸ್ಸನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಂಡವರಲ್ಲ. ನಾನು ಹುಟ್ಟಿದ್ದು ಯಾವಾಗ ಎಂದು ಅವ್ವನನ್ನು ಕೇಳಿದರೆ, "ನಮ್ಮ ಮಚ್ಚೆ ಕುರಿ ಮೂರು ಮರಿ ಹಾಕ್ತಲ್ಲ, ಅದರ ಹಿಂದ್ಲ ವರ್ಷ" ಎನ್ನುತ್ತಿದ್ದಳು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ತಾರೀಕು ಬರೆದುಕೊಂಡರು. ಅಂದು ಸೇರಿದ ಎಲ್ಲರಿಗೂ ಅದೇ ತಾರೀಕು. ಆದರೆ ಕುರಿಯ ವಯಸ್ಸಿನ ವಿಷಯಕ್ಕೆ ಬನ್ನಿ, ನಮ್ಮಪ್ಪ ಈರಣ್ಣನಂಥ ಗಟ್ಟಿಗ ಇನ್ನೊಬ್ಬನಿರಲಿಲ್ಲ. ಕುರಿಯ ಕೆಳದುಟಿ ಒಂದಿಷ್ಟು ಎಳೆದು ನೋಡಿದನೆಂದರೆ ಮುಗಿಯಿತು. ಹಾಲುಹಲ್ಲಾದರೆ ಮರಿ, ಎರಡು ದೊಡ್ಡ ಹಲ್ಲಾದರೆ ಇಷ್ಟು, ನಾಲ್ಕಾದರೆ ಇಷ್ಟು, ಎಂಟೂ ಬಂದು ಬಾಯಿ ಕೂಡಿದ್ದರೆ ಇಷ್ಟು. ಸಂತೆಯಲ್ಲಿ ದಲ್ಲಾಳಿಗಳು ಅಪ್ಪ ಬರುವುದು ಕಂಡರೆ ಕುರಿಯ ಬಾಯಿಗೆ ಅಡ್ಡ ನಿಲ್ಲುತ್ತಿದ್ದರು.

ಇಂಥ ಜನರಿಗೆ ಒಂದೇ ಒಂದು ವಯಸ್ಸಿನ ಪ್ರಶ್ನೆ ಬಗೆಹರಿದಿರಲಿಲ್ಲ. ನಮ್ಮ ಮೇಲಿನಹಟ್ಟಿಯ ಪಕ್ಕ ಒಂದು ದೊಡ್ಡ ಬಂಡೆ ಇದೆ. ಅದರಾಚೆ ಮರಡಿ ಎನ್ನುವ ಸಣ್ಣ ಕಲ್ಲುಗುಡ್ಡ, ಮರಡಿಯ ಆಚೆ ಮಗ್ಗುಲಿಗೆ ಕೆಳಗಿನಹಟ್ಟಿ, ಅಲ್ಲೂ ಒಂದು ದೊಡ್ಡ ಬಂಡೆ. ಎರಡೂ ದೇವರೇ, ಅಣ್ಣತಮ್ಮಂದಿರು. ಅಣ್ಣನ ಹೆಸರು ಅಣ್ಣಪ್ಪ, ತಮ್ಮನ ಹೆಸರು ತಮ್ಮಪ್ಪ. ಇಲ್ಲಿಯವರೆಗೆ ಜಗಳವಿಲ್ಲ. ಆದರೆ ನಮ್ಮನ್ನು ಕೇಳಿದರೆ ನಮ್ಮದು ಅಣ್ಣಪ್ಪ, ಅವರನ್ನು ಕೇಳಿದರೆ ಅವರದು ಅಣ್ಣಪ್ಪ. ಎರಡು ಹಟ್ಟಿಗಳ ನಡುವೆ ಮದುವೆಯಾದರೆ ಮೊದಲ ವೀಳ್ಯ ಅಣ್ಣಪ್ಪನಿಗೆ ಸಲ್ಲಬೇಕು, ಆಮೇಲೆ ತಮ್ಮಪ್ಪನಿಗೆ. ಮೊದಲು ಯಾರಿಗೆ ಎಂದು ತೀರ್ಮಾನವಾಗದೆ, ನನಗೆ ತಿಳಿದಂತೆ, ಎರಡು ತಲೆಮಾರಿನಿಂದ ಒಂದು ಹೆಣ್ಣೂ ಆ ಮರಡಿ ದಾಟಿರಲಿಲ್ಲ. ದಾಟಬೇಕೆಂದು ಹಟ ಹಿಡಿದವಳು ನಾನೇ ಮೊದಲು.

ಹಟಕ್ಕೆ ಕಾರಣ ತಿಪ್ಪೇಸ್ವಾಮಿ. ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ದಾಟಿದ್ದ ಕಾಲ ಅದು. ನಾನು ಚಿಕ್ಕಜಾಜೂರಿನ ಶಾಲೆಯಲ್ಲಿ ವಿಜ್ಞಾನದ ಮೇಡಂ ಆಗಿದ್ದೆ. ಅವನು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಕೆಳಗಿನಹಟ್ಟಿಯವನು, ಅಲ್ಲಿನ ಯಜಮಾನ ಚಿತ್ತಪ್ಪನ ಮಗ. ಊರಿನಲ್ಲಿ ಒಂದು ಮಾತೂ ಆಡದವರು ಪರವೂರಿನ ಪ್ಲಾಟ್‌ಫಾರಂ ಮೇಲೆ ನೆಂಟರಾದೆವು. "ಹಟ್ಟಿಗೆ ಹೋಗ್ತೀರಾ ಮೇಡಂ? ನಮ್ಮಮ್ಮಂಗೆ ಈ ಔಸ್ತಿ ಕೊಡ್ರಿ" ಎಂದು ಶುರುವಾದದ್ದು, ಔಷಧಿ ಬೇಡವಾದ ಮೇಲೂ ನಡೆಯಿತು. ಅವನು ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ನಿಂತ ಗತ್ತು ನನಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡೂ ಮನೆಯವರು ಒಪ್ಪಿದರು. ಜಾತಕವಿಲ್ಲ, ಜಂಜಡವಿಲ್ಲ. ವೀಳ್ಯದ ಮಾತು ಬಂದಾಗ ಮಾತ್ರ ಅಪ್ಪ, "ಮೊದ್ಲು ನಮ್ಮ ಅಣ್ಣಪ್ಪಂಗೆ" ಎಂದ. ಚಿತ್ತಪ್ಪ, "ಅಲ್ಲಲ್ಲ, ನಮ್ಮ ಅಣ್ಣಪ್ಪಂಗೆ" ಎಂದ. ಅಷ್ಟೇ, ಇಬ್ಬರೂ ಎದ್ದು ಹೆಗಲ ಮೇಲೆ ಕಂಬಳಿ ಹಾಕಿಕೊಂಡರು. ಒಂದು ವರ್ಷ ಹಾಗೇ ಹೋಯಿತು. ಕೊನೆಗೆ ಚಿತ್ತಪ್ಪ ಹೇಳಿ ಕಳಿಸಿದ: ಬರುವ ಯುಗಾದಿಯೊಳಗೆ ಇತ್ಯರ್ಥವಾಗದಿದ್ದರೆ ಮಗನಿಗೆ ಹಿರಿಯೂರಿನ ಕಡೆ ಒಂದು ಹೆಣ್ಣು ನೋಡಿದ್ದೇವೆ, ಅದನ್ನೇ ಮಾಡಿಕೊಳ್ಳುತ್ತೇವೆ. ಆ ದಿನ ನಾನು ಏಳನೇ ಕ್ಲಾಸಿಗೆ ಪಾಠ ಮಾಡಲಿಲ್ಲ. ಬೋರ್ಡಿನ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡೆ. ಮಕ್ಕಳು ಸೀಮೆಸುಣ್ಣದ ಪುಡಿ ಎಂದುಕೊಂಡರು.

ಬಾಷಾ ಸಾಹೇಬರು ಸಿಕ್ಕಿದ್ದು ಅದೇ ತಿಂಗಳು. ಶಾಲೆಯ ಮಕ್ಕಳನ್ನು ಚಂದ್ರವಳ್ಳಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಗವಿಯ ಹೊರಗೆ ಬಂಡೆ ತೋರಿಸಿ, ಭಾರೀ ಧ್ವನಿಯಲ್ಲಿ, "ಮಕ್ಕಳೇ, ಈ ಕಲ್ಲು ಒಂದು ಲಕ್ಷ ವರ್ಷಕ್ಕಿಂತ ಹಳೆಯದು" ಎಂದೆ. ಮರದ ಬುಡದಲ್ಲಿ ಪೇಪರಿನ ಮೇಲೆ ಚಿತ್ರಾನ್ನ ತಿನ್ನುತ್ತಿದ್ದವರೊಬ್ಬರು, ಪಕ್ಕದಲ್ಲಿ ಸುತ್ತಿಗೆ, ತಲೆ ಎತ್ತಿ ನೋಡಿದರು.

"ಇನ್ನೂ ಸ್ವಲ್ಪ ಮ್ಯಾಲೆ ಬರ್ರಿ ಮೇಡಂ" ಎಂದರು.

"ಹತ್ತು ಲಕ್ಷ?"

"ಬರ್ರಿ, ಬರ್ರಿ."

"ಒಂದು ಕೋಟಿ?"

"ನಾಚ್ಕಬ್ಯಾಡ್ರಿ, ಬರ್ರಿ."

ಸಂತೆಯಲ್ಲಿ ಚೌಕಾಸಿ ಮಾಡಿದಂತೆ ನನ್ನನ್ನು ನೂರು ಕೋಟಿಯ ಆಚೆಗೆ ಎಳೆದು ಬಿಟ್ಟರು. ಮಕ್ಕಳು ಬಿದ್ದು ಬಿದ್ದು ನಕ್ಕವು. ನನಗೆ ಮುಖವೆಲ್ಲ ಬಿಸಿಯಾಯಿತು. ಆದರೆ ಕೈ ತೊಳೆದು ಬಂದು ಅವರು ಅರ್ಧ ಗಂಟೆ ಮಕ್ಕಳಿಗೆ ಹೇಳಿದ ಕಥೆ ಕೇಳುತ್ತ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. "ಸಾರ್, ಎರಡು ಬಂಡೆ ಇದ್ರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಹೇಳಾಕಾಗತ್ತಾ? ವಯಸ್ಸಿನಾಗೆ?" ಎಂದು ಕೇಳಿದೆ. "ಯಾಕಾಗಲ್ಲ? ಎಲ್ಲಿ ಅವೆ?" ಎಂದರು. ಹೇಳಿದೆ. ಎಲ್ಲವನ್ನೂ ಹೇಳಿದೆ, ತಿಪ್ಪೇಸ್ವಾಮಿಯನ್ನೂ ಸೇರಿಸಿ. ಪರಿಚಯವಾಗಿ ಒಂದು ಗಂಟೆಯೂ ಆಗಿರದ ಮನುಷ್ಯನ ಮುಂದೆ! ಅವರು ಗಡ್ಡ ಕೆರೆದುಕೊಂಡು, "ನಾನು ಹೆಂಗೂ ಹೊಸದುರ್ಗದ ಕಡೆ ಕಲ್ಲು ಆರ್ಸಾಕೆ ಬರಬೇಕಿತ್ತು. ನಿಮ್ಮ ದೇವ್ರನ್ನೇ ಮೊದ್ಲು ನೋಡಾಣ ಬಿಡ್ರಿ" ಎಂದರು.

ಎರಡೂ ಹಟ್ಟಿಯವರು ಆಶ್ಚರ್ಯವೆಂಬಂತೆ ಕೂಡಲೇ ಒಪ್ಪಿದರು. ಕಾರಣ ಸುಲಭ: ಗೆಲ್ಲುವುದು ತಾವೇ ಎಂದು ಇಬ್ಬರಿಗೂ ಗ್ಯಾರಂಟಿ ಇತ್ತು.

ಸಾಹೇಬರು ಬಂದ ದಿನ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂರಿಸಿ ಅವ್ವ ಮಜ್ಜಿಗೆ ಕೊಟ್ಟಳು. ಅಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ದೇವರ ಮೈಗೆ ಸುತ್ತಿಗೆ ತಾಗಿಸುವ ಮೊದಲು ಮನುಷ್ಯನನ್ನು ಪರೀಕ್ಷಿಸಬೇಕಲ್ಲ.

"ಕುರಿಗಾದ್ರೆ ಹಲ್ಲೈತೆ. ಕಲ್ಲಿಗೆ ಏನ್ ನೋಡ್ತೀರಿ ಸಾಹೇಬ್ರೇ?"

ಸಾಹೇಬರು ಹೇಳಿದರು. ಕಲ್ಲಿನೊಳಗೆ ಜಿರ್ಕಾನ್ ಎಂಬ ಹರಳು ಇರುತ್ತದೆ, ಸಾಸಿವೆಗಿಂತ ಎಷ್ಟೋ ಸಣ್ಣದು. ಕರಗಿದ ಕಲ್ಲು ಆರಿ ಗಟ್ಟಿಯಾಗುವಾಗ ಆ ಹರಳು ಹುಟ್ಟುತ್ತದೆ. ಹುಟ್ಟುವಾಗ ಯುರೇನಿಯಂ ಎಂಬ ಧಾತುವನ್ನು ಅಷ್ಟಿಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಒಳಗೆ ಹೋದ ಯುರೇನಿಯಂ ತನ್ನಷ್ಟಕ್ಕೆ ಒಂದೇ ಸಮನೆ ಸೀಸವಾಗುತ್ತ ಹೋಗುತ್ತದೆ. ಬಿಸಿಲು ಮಳೆ ಯಾವುದಕ್ಕೂ ಅದರ ವೇಗ ಬದಲಾಗುವುದಿಲ್ಲ. ಇದ್ದದ್ದರಲ್ಲಿ ಅರ್ಧ ಸೀಸವಾಗಲು ನಾನೂರೈವತ್ತು ಕೋಟಿ ವರ್ಷ ಬೇಕು, ಹತ್ತಿರ ಹತ್ತಿರ. ಈಗ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಸೇರಿದೆ ಎಂದು ಅಳೆದರೆ ವಯಸ್ಸು ಸಿಕ್ಕಿತು.

ಅಪ್ಪ ನನ್ನ ಮುಖ ನೋಡಿದ. ನಾನು ನಮ್ಮ ಭಾಷೆಗೆ ಇಳಿಸಿದೆ: "ಅಪ್ಪಾ, ರೊಪ್ಪದಾಗೆ ಬರೀ ಕರೇ ಕುರಿ ಕೂಡಿ ಬಾಗ್ಲು ಹಾಕ್ದಂಗೆ. ಒಳಗೆ ಕರೇವು ಒಂದೊಂದೇ ಬಿಳೀವು ಆಗ್ತಾ ಹೋಗ್ತವೆ, ಒಂದೇ ಲೆಕ್ಕದಾಗೆ. ಆಮ್ಯಾಲೆ ಬಾಗ್ಲು ತೆಗೆದು ಕರೇವೆಷ್ಟು ಬಿಳೀವೆಷ್ಟು ಅಂತ ಎಣಿಸಿದ್ರೆ, ಬಾಗ್ಲು ಹಾಕಿ ಎಷ್ಟು ದಿನ ಆತು ಅಂತ ಗೊತ್ತಾಗತ್ತೆ."

ಅಪ್ಪ ಬೀಡಿ ಹಚ್ಚಿದ. ಎರಡು ದಮ್ಮು ಎಳೆದ. "ಬಾಗ್ಲು ಹಾಕೋ ಹೊತ್ಗೆ ಒಳಗೆ ಮೊದ್ಲೇ ಒಂದೆರಡು ಬಿಳೀವು ಇದ್ರೆ?"

"ಇರಬಹುದು" ಎಂದರು ಸಾಹೇಬರು. "ಆದ್ರೆ ಸೀಸದಾಗೆ ಯುರೇನಿಯಮ್ಮಿಂದ ಹುಟ್ಟದ ಜಾತಿ ಒಂದೈತೆ. ಅದು ಕಂಡ್ರೆ ಹೊರಗಿಂದ ಬಂದ ಸೀಸ ಎಷ್ಟು ಅಂತ ಗೊತ್ತಾಗತ್ತೆ. ಅಷ್ಟನ್ನ ಕಳೀತೀವಿ."

"ಸರಿ. ಬೇಲಿ ಸಂದಿಯಾಗೆ ಒಂದೆರಡು ಬಿಳೀವು ತಪ್ಪಿಸ್ಕಂಡು ಹೋಗಿದ್ರೆ?"

ಸಾಹೇಬರು ಮಜ್ಜಿಗೆ ಲೋಟ ಕೆಳಗಿಟ್ಟರು. "ಯಜಮಾನ್ರೇ, ನಮ್ಮ ಕಸುಬಿನಾಗೆ ದೊಡ್ಡ ತಲೆನೋವು ಅದೇ. ಯುರೇನಿಯಂನಾಗೆ ಎರಡು ಜಾತಿ ಅವೆ. ಒಂದು ನಿಧಾನ, ಒಂದು ಜೋರು. ಎರಡೂ ಬ್ಯಾರೆ ಬ್ಯಾರೆ ಸೀಸ ಆಗ್ತವೆ. ಎರಡೂ ಒಂದೇ ವಯಸ್ಸು ಹೇಳಿದ್ರೆ ಕುರಿ ತಪ್ಪಿಸ್ಕಂಡಿಲ್ಲ ಅಂತ ಅರ್ಥ."

"ಎರಡು ರೊಪ್ಪದ ಲೆಕ್ಕ ತಾಳೆ ನೋಡ್ತೀರಿ ಅನ್ರಿ."

"ಹಂಗೇ ಅನ್ರಿ!" ಎಂದು ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಎಮ್ಮೆಸ್ಸಿ ಓದೋರು ಈ ಪ್ರಶ್ನೆ ಕೇಳಲ್ಲ ಮೇಡಂ" ಎಂದರು. ಮೂರು ವರ್ಷದಿಂದ ಮಕ್ಕಳಿಗೆ ವಿಜ್ಞಾನವನ್ನು ಗಿಳಿಯಂತೆ ಒಪ್ಪಿಸುತ್ತಿದ್ದ ನನ್ನ ತಲೆಯಲ್ಲೂ ಆ ಪ್ರಶ್ನೆ ಎದ್ದಿರಲಿಲ್ಲ. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ಅಪ್ಪನ ಪರೀಕ್ಷೆಯಲ್ಲಿ ಸಾಹೇಬರು ಪಾಸಾದರು. ಬಂಡೆಯ ಹಿಂಬದಿಯಲ್ಲಿ, ಪೂಜೆ ಸಲ್ಲದ ಕಡೆ, ಒಂದೇ ಸಲ ಒಡೆಯಲು ಅಪ್ಪಣೆ ಸಿಕ್ಕಿತು. ಸಾಹೇಬರು ಬೂಟು ಕಳಚಿ ದೂರ ಇಟ್ಟು, ಬಂಡೆಗೆ ಕೈ ಮುಗಿದು, "ಬಿಸ್ಮಿಲ್ಲಾ" ಎಂದು ಸುತ್ತಿಗೆ ಬೀಸಿದರು. ನಮ್ಮ ಪೂಜಾರಿ ಗೂಳಜ್ಜ ಪಕ್ಕದಲ್ಲೇ ನಿಂತು ಗಂಟೆ ಬಾರಿಸಿದ. ಅಲ್ಲಿಂದ ಮರಡಿ ಹತ್ತಿ ಇಳಿದು ಕೆಳಗಿನಹಟ್ಟಿಯಲ್ಲೂ ಹಾಗೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಚೀಲ ಕಲ್ಲಿನ ಚೂರು ನಮ್ಮ ಜಗಲಿಗೆ ಬಂದವು. ಬಸ್ಸು ನಿಲ್ಲುವುದು ನಮ್ಮ ಕಡೆ. ತಮ್ಮ ದೇವರ ಚೂರು ಎದುರಾಳಿಯ ಜಗಲಿಯಲ್ಲಿ ಕೂರುವುದೆಂದರೆ! ಚಿತ್ತಪ್ಪ ದೊಣ್ಣೆ ಹಿಡಿದು ತನ್ನ ಚೀಲದ ಹಿಂದೆಯೇ ಕಾವಲಿಗೆ ಬಂದ. ನಮ್ಮ ಜಗಲಿಯ ಆ ತುದಿಗೆ ಅವನು, ಈ ತುದಿಗೆ ಅಪ್ಪ. ಸಾಹೇಬರು ಮರಡಿಯ ಕಲ್ಲು ನೋಡಿ ಬರುತ್ತೇನೆಂದು ಹೊರಟರು.

ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಹೊರಗಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಅಂಗಳದಲ್ಲಿ ನಮ್ಮ ದೊಡ್ಡ ತಾಮ್ರದ ಕೊಪ್ಪರಿಗೆ. ಅದರ ಆಚೆ ಈಚೆ ಅಪ್ಪ, ಚಿತ್ತಪ್ಪ, ಇಬ್ಬರೂ ತೋಳು ಏರಿಸಿಕೊಂಡು ಕೂತಿದ್ದಾರೆ. ಒಬ್ಬ ಹಾಲು ಹುಯ್ಯುತ್ತಿದ್ದಾನೆ, ಒಬ್ಬ ಅರಿಸಿನ ಹಚ್ಚುತ್ತಿದ್ದಾನೆ.

"ಅಯ್ಯಯ್ಯೋ! ಏನ್ ಮಾಡ್ತಿದ್ದೀರಿ?"

"ಹೊತ್ಕಂಡು ಹೋಗೋದು ದೇವ್ರನ್ನ ಕಣೇ" ಎಂದ ಅಪ್ಪ, ನಾನೇ ದಡ್ಡಿ ಎನ್ನುವಂತೆ. "ಮೈ ತೊಳೀದೆ ಊರು ಬಿಡ್ಸಾಕಾಗತ್ತಾ?"

"ನೀನು ಓದಿದೋಳು, ನಿಂಗೆ ಇದು ಗೊತ್ತಾಗಬ್ಯಾಡ್ವೇನವ್ವ?" ಎಂದ ಚಿತ್ತಪ್ಪ.

"ಅಲ್ಲ, ಎರಡನ್ನೂ ಒಂದೇ ಕೊಪ್ಪರಿಗೆಯಾಗೆ ಹಾಕಿದ್ದೀರಲ್ಲ!"

ಇಬ್ಬರೂ ಕೊಪ್ಪರಿಗೆಯೊಳಗೆ ನೋಡಿದರು. ಹಾಲು ಅರಿಸಿನದ ನೀರಿನಲ್ಲಿ ಒಂದು ರಾಶಿ ಚೂರು, ನನ್ನ ಕಣ್ಣಿಗೆ ಎಲ್ಲವೂ ಹೋಳಿಗೆ ಬಣ್ಣ. ಆ ಕ್ಷಣ ಹಿರಿಯೂರಿನ ಹೆಣ್ಣು ಸೆರಗು ಹೊದ್ದು ನನ್ನ ಮುಂದೆ ನಡೆದು ಹೋದ ಹಾಗಾಯಿತು. ಇನ್ನೊಮ್ಮೆ ಒಡೆಯಲು ದೇವರ ಅಪ್ಪಣೆ ಇಲ್ಲ. ನಾನು ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

"ಯಾಕಳ್ತೀಯಾ ಕೆಂಚಿ? ಸುಮ್ನಿರು" ಎಂದ ಅಪ್ಪ. ಆಮೇಲೆ ಚಿತ್ತಪ್ಪನಿಗೆ, "ಬಾರಪ್ಪ, ಬ್ಯಾರೆ ಮಾಡಾಣ" ಎಂದ.

ನೀವು ಕೆರೆಯ ಹತ್ತಿರ ಎರಡು ಹಿಂಡು ಬೆರೆತದ್ದನ್ನು ನೋಡಿದ್ದೀರೋ ಇಲ್ಲವೋ. ನೀರಿಗೆ ಬಂದ ಹಿಂಡುಗಳು ಕಲೆತುಹೋಗುತ್ತವೆ. ಪೇಟೆಯವರಾದರೆ ಪೊಲೀಸರನ್ನು ಕರೆದಾರು. ನಮ್ಮವರು ಬೆರೆತ ಹಿಂಡಿನೊಳಗೆ ಇಳಿದು, ಮಾತಿಲ್ಲದೆ, ಇದು ನಿಂದು, ಇದು ನಂದು ಎಂದು ನೂಕುತ್ತ ಅರ್ಧ ಗಂಟೆಯಲ್ಲಿ ಬೇರೆ ಮಾಡುತ್ತಾರೆ. ಎಂಥ ವೈರಿಯ ಕುರಿಯನ್ನೂ ಆ ಹೊತ್ತಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಅವತ್ತು ಕಲ್ಲಿಗೂ ಹಾಗೇ ಮಾಡಿದರು. ಒಂದೊಂದು ಚೂರನ್ನು ತೊಳೆದು, ಬಿಸಿಲಿಗೆ ಹಿಡಿದು, ಮಗ್ಗುಲು ತಿರುಗಿಸಿ, "ತಗಾ, ಇದು ನಿಂದು", "ಇದು ನಿಂದು ಕಣಯ್ಯ, ನಂದ್ರಾಗೆ ಇಷ್ಟು ಕರೇ ಗೆರೆ ಇಲ್ಲ" ಎಂದು. ನೋಡುತ್ತ ನೋಡುತ್ತ ನನ್ನ ಅಳು ನಿಂತಿತು. ಇಬ್ಬರೂ ತಮ್ಮದನ್ನು ಹುಡುಕುವುದಕ್ಕಿಂತ ಇನ್ನೊಬ್ಬನದನ್ನು ಎತ್ತಿ ಕೊಡುವುದರಲ್ಲೇ ಮುಂದಿದ್ದರು. ನಡುವೆ ಅಪ್ಪ ಬೀಡಿ ಕಟ್ಟು ಚಾಚಿದ, ಚಿತ್ತಪ್ಪ ಒಂದನ್ನು ಎಳೆದುಕೊಂಡ.

ಸಾಹೇಬರು ಬಂದು ಅರಿಸಿನದ ಚೂರು ನೋಡಿ ಮೊದಲು ತಲೆ ಮೇಲೆ ಕೈ ಹೊತ್ತರು. "ಅರಿಸಿನ ಹಾಲು ಏನೂ ಮಾಡಲ್ಲ ಬಿಡ್ರಿ, ಹರಳು ಒಳಗಿರ್ತವೆ. ಬೆರೆತಿದ್ದೇ ಕಷ್ಟ" ಎಂದವರೇ ಭೂತಗನ್ನಡಿ ತೆಗೆದು ಒಂದೊಂದು ಚೂರನ್ನೂ ಕಣ್ಣಿಗೆ ಹಿಡಿದರು. ಮುದ್ದೆ ಆರಿ ಗಟ್ಟಿಯಾಯಿತು. ಕೊನೆಯ ಚೂರು ನೋಡಿ ಎದ್ದು ನಿಂತು, "ಒಂದೂ ತಪ್ಪಿಲ್ಲ" ಎಂದರು. "ನಮ್ಮ ಹುಡುಗ್ರು ಮೂರು ವರ್ಷ ಕಲಿತ್ರೂ ಹಿಂಗೆ ಮಾಡಲ್ಲ." ಅಪ್ಪ, ಚಿತ್ತಪ್ಪ ಇಬ್ಬರೂ ಇದರಲ್ಲಿ ಏನು ಹೆಚ್ಚುಗಾರಿಕೆ ಎಂಬಂತೆ ಹೊಗೆ ಬಿಟ್ಟರು.

ಕಲ್ಲುಗಳು ದೂರದ ಪ್ರಯೋಗಾಲಯಕ್ಕೆ ಹೋದವು. ಅವುಗಳನ್ನು ಪುಡಿ ಮಾಡಿ, ಹರಳು ಆರಿಸಿ, ಕರಗಿಸಿ, ಅಳೆಯಬೇಕು. ನಾವು ಕಾದೆವು. ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು. ಪ್ರತಿ ಶನಿವಾರ ಹಟ್ಟಿಗೆ ಹೊರಡುವಾಗ ತಿಪ್ಪೇಸ್ವಾಮಿ, "ಬಂತಾ?" ಎನ್ನುತ್ತಿದ್ದ. "ಇಲ್ಲ" ಎನ್ನುತ್ತಿದ್ದೆ. "ಕೋಟಿಗಟ್ಲೆ ವರ್ಷ ಕುಂತಿರೋ ಕಲ್ಲು. ಅದಕ್ಕೇನು ಅವಸರ, ಮದುವೆ ನಮ್ದು" ಎಂದು ನಗಲು ನೋಡುತ್ತಿದ್ದ. ನಗು ಪೂರ್ತಿ ಬರುತ್ತಿರಲಿಲ್ಲ. ನನಗೂ ಅನ್ನ ಸೇರುತ್ತಿರಲಿಲ್ಲ. ನಮ್ಮದು ಅಣ್ಣಪ್ಪ ಎಂದು ಬಂದರೆ ಚಿತ್ತಪ್ಪ ಮುಖ ತಿರುಗಿಸುತ್ತಾನೆ, ಅವರದು ಎಂದು ಬಂದರೆ ಅಪ್ಪ ತಲೆ ಎತ್ತುವುದಿಲ್ಲ. ವಿಜ್ಞಾನವನ್ನು ಕರೆತಂದು ನನ್ನ ಮದುವೆಗೆ ನಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ದಿನಾ ಬೈದುಕೊಂಡೆ.

ಯುಗಾದಿಗೆ ಹದಿನೈದು ದಿನ ಇರುವಾಗ ಸಾಹೇಬರು ಕಾಗದ ಹಿಡಿದು ಬಂದರು. ಮರಡಿಯ ಮೇಲಿನ ಬೇವಿನ ಮರದಡಿ ಎರಡೂ ಹಟ್ಟಿ ಸೇರಿತು. ಹೆಂಗಸರು ಒಂದು ಕಡೆ, ತಿಪ್ಪೇಸ್ವಾಮಿ ಮರದ ಹಿಂದೆ ಮುಖ ತೋರಿಸದೆ. ಸಾಹೇಬರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀವೇ ಹೇಳ್ರಿ ಮೇಡಂ. ನಿಮ್ಮ ಜನ, ನಿಮ್ಮ ಮಾತು" ಎಂದರು. ಓದಿದೆ. ಮತ್ತೊಮ್ಮೆ ಓದಿದೆ.

"ಎರಡೂ ಮುನ್ನೂರು ಕೋಟಿ ವರ್ಷದ ಆಸುಪಾಸು ಅಂತೆ" ಎಂದೆ.

ಒಂದು ಕ್ಷಣ ಎಲ್ಲರೂ ಖುಷಿಪಟ್ಟರು. ತಮ್ಮ ದೇವರಿಗೆ ಮುನ್ನೂರು ಕೋಟಿ ಎಂದರೆ ಕಡಿಮೆಯೇ? ಆಮೇಲೆ ಅಪ್ಪ, "ಆಸುಪಾಸು ಬ್ಯಾಡ. ಯಾವ್ದು ಮೊದ್ಲು?" ಎಂದ.

"ಹೇಳಾಕಾಗಲ್ಲ ಅಪ್ಪಾ. ಅಳತೆಯಾಗೆ ಹೆಚ್ಚು ಕಡಿಮೆ ಅಂತ ಇರ್ತೈತೆ. ಎರಡ್ರ ನಡುವಿನ ಅಂತರಕ್ಕಿಂತ ಆ ಹೆಚ್ಚು ಕಡಿಮೆನೇ ದೊಡ್ಡದು. ನೀನು ಹಲ್ಲು ನೋಡಿ ಎರಡು ಕುರೀನೂ ನಾಲ್ಕು ಹಲ್ಲಿನವು ಅಂತೀಯ. ಅದ್ರಾಗೆ ಯಾವ್ದು ಒಂದು ವಾರ ಮೊದ್ಲು ಹುಟ್ತು ಅಂದ್ರೆ ಹೇಳ್ತೀಯಾ?"

"ಅದು ಹೆಂಗೆ ಹೇಳಾಕಾಗತ್ತೆ?"

"ಇದೂ ಹಂಗೇ."

ಗದ್ದಲವೆದ್ದಿತು. ಗೂಳಜ್ಜ ಕೋಲು ಕುಟ್ಟಿ ಎದ್ದ. "ನಂಬಬ್ಯಾಡ್ರಿ! ಇವರಿಬ್ರೂ ಕೊಪ್ಪರಿಗೆಯಾಗೆ ಕಲ್ಲು ಬೆರ್ಸಿದ್ರಲ್ಲ, ಅಲ್ಲೇ ಕೆಟ್ಟಿದ್ದು. ಅದ್ರದ್ದು ಇದಕ್ಕೆ, ಇದ್ರದ್ದು ಅದಕ್ಕೆ ಸೇರೈತೆ. ಅದಕ್ಕೇ ಎರಡೂ ಒಂದೇ ಅಂತ ಬಂದೈತೆ!"

ಎಲ್ಲ ತಲೆಗಳೂ ಅಲ್ಲಾಡತೊಡಗಿದವು, ಹೌದಲ್ಲ, ಹೌದಲ್ಲ ಎಂದು. ಆದರೆ ಅಪ್ಪನ ಮುಖ ಕೆಂಪಾಯಿತು. ಚಿತ್ತಪ್ಪನದು ಅದಕ್ಕಿಂತ ಕೆಂಪು.

"ಏನಂದೆ ಗೂಳಜ್ಜ? ನನ್ನ ಕಲ್ಲು ನಂಗೆ ಗುರ್ತು ಸಿಗಲ್ಲ ಅಂತೀಯಾ?" ಎಂದ ಅಪ್ಪ.

"ನಲವತ್ತು ವರ್ಷ ಎಣ್ಣೆ ಹಚ್ಚೀನಿ ಅದಕ್ಕೆ!" ಎಂದ ಚಿತ್ತಪ್ಪ. "ಒಂದು ಚೂರು ಆ ಕಡೆ ಹೋಗಿಲ್ಲ, ಒಂದು ಚೂರು ಈ ಕಡೆ ಬಂದಿಲ್ಲ. ಬೇಕಾದ್ರೆ ಈರಣ್ಣನ್ನೇ ಕೇಳು."

"ಕೇಳು, ಹೇಳ್ತೀನಿ! ಸಾಹೇಬ್ರು ಕನ್ನಡಿ ಹಾಕಿ ನೋಡೌರೆ. ಬೆರಕೆ ಆಗಿಲ್ಲ ಅಂದ್ರೆ ಆಗಿಲ್ಲ!"

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಗೂಳಜ್ಜನ ಮೇಲೆ ಎರಗಿದ ಜೋರಿಗೆ ಮುದುಕ ಕೂತುಬಿಟ್ಟ. ಗದ್ದಲ ನಿಂತಿತು. ಆಗ ಅವ್ವ ಹೆಂಗಸರ ನಡುವಿನಿಂದ ಸಾವಕಾಶವಾಗಿ ಎದ್ದಳು.

"ಹಂಗಾದ್ರೆ ಬೆರಕೆ ಆಗಿಲ್ಲ?"

"ಇಲ್ಲ!" ಎಂದರು ಇಬ್ಬರೂ.

"ಸಾಹೇಬ್ರ ಅಳತೆ ಸರಿಯಾಗೈತೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಇಲ್ಲ ಎನ್ನುವ ಹಾಗಿರಲಿಲ್ಲ. "ಐತೆ" ಎಂದ ಅಪ್ಪ, ಮೆತ್ತಗೆ.

"ಮತ್ತೆ ಅವು ಅವಳಿ ಕಣ್ರೋ! ಅವಳಿ ಮರಿ ಹುಟ್ಟಿದ್ರೆ ಏನು ಮಾಡ್ತೀರಿ? ಮೊದ್ಲು ಬಂದಿದ್ದು ಯಾವುದು ಅಂತ ಪಂಚಾತಿ ಮಾಡ್ತೀರಾ? ಎರಡನ್ನೂ ಒಂದೇ ಸಲ ಎರಡು ಮೊಲೆಗೆ ಬಿಡ್ತೀರಿ. ವೀಳ್ಯಾನೂ ಹಂಗೇ ಇಡ್ರಿ, ಒಂದೇ ಸಲ. ನನ್ನ ಮಗಳು ಸೊರಗಿ ಕಡ್ಡಿ ಆಗೌಳೆ, ನಿಮ್ಮ ಕಣ್ಣಿಗೆ ಕಾಣಲ್ವಾ?"

ಕುರಿ ಸಾಕುವವರಿಗೆ ಇದಕ್ಕಿಂತ ಬೇರೆ ನ್ಯಾಯ ಬೇಕೇ? ಮೊದಲು ನಕ್ಕವರು ಬಾಷಾ ಸಾಹೇಬರು. ಆಮೇಲೆ ಮರಡಿಯೇ ನಕ್ಕಿತು. ಬೇವಿನ ಮರದ ಹಿಂದಿನಿಂದ ತಿಪ್ಪೇಸ್ವಾಮಿ ಹೊರಬಂದು, ಎಲ್ಲರೆದುರಿಗೆ, ನನ್ನನ್ನೇ ನೋಡಿದ. ನಾನೂ ನೋಡಿದೆ. ನಾಚಿಕೆ ಎಲ್ಲಿ ಹೋಗಿತ್ತೋ ಏನೋ.

ಒಂದೇ ಸಲ ಇಡುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಈ ಬಂಡೆಯಿಂದ ಆ ಬಂಡೆ ಕಾಣುವುದಿಲ್ಲ, ಮರಡಿಯ ತುದಿ ಮಾತ್ರ ಎರಡಕ್ಕೂ ಕಾಣುತ್ತದೆ. ಅದಕ್ಕೆ ರೈಲ್ವೆಯವನೇ ದಾರಿ ಹೇಳಿದ. ಯುಗಾದಿ ಕಳೆದು ಮದುವೆಯ ದಿನ ಬೆಳಿಗ್ಗೆ, ಬಾಸಿಂಗ ಕಟ್ಟಿಕೊಂಡ ಮದುಮಗ ಮರಡಿಯ ನೆತ್ತಿಗೆ ಹತ್ತಿದ, ಪಕ್ಕದಲ್ಲಿ ಬಾಸಿಂಗದ ನಾನು. ಈ ಬಂಡೆಯ ಮುಂದೆ ಅಪ್ಪ ವೀಳ್ಯ ಹಿಡಿದು ನಿಂತ, ಆ ಬಂಡೆಯ ಮುಂದೆ ಚಿತ್ತಪ್ಪ. ತಿಪ್ಪೇಸ್ವಾಮಿ ಎರಡೂ ಕಡೆ ನೋಡಿ, ಎಕ್ಸ್‌ಪ್ರೆಸ್ ಗಾಡಿ ಬಿಡುವಷ್ಟೇ ಗಂಭೀರವಾಗಿ, ಹಸಿರು ಬಾವುಟ ಎತ್ತಿ ಬೀಸಿದ. ಎರಡು ಕಡೆಯಿಂದಲೂ ಒಟ್ಟಿಗೆ ಡೊಳ್ಳು ಎದ್ದಿತು. ನಾನು ಆವತ್ತು ಸಂತೋಷದಿಂದ ಅತ್ತಷ್ಟು ಮತ್ತೆಂದೂ ಅತ್ತಿಲ್ಲ.

ವರ್ಷಗಳು ಕಳೆದವು. ಮಾವ ಚಿತ್ತಪ್ಪನಿಗೆ ವಯಸ್ಸಾಯಿತು, ಎಷ್ಟು ಎಂದು ಕೇಳಬೇಡಿ. ಒಂದು ಸಂಜೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು ಸುತ್ತ ನೋಡಿದ.

"ಒಂದು ಮಾತು, ಯಾರ್ಗೂ ಹೇಳಬ್ಯಾಡ ಕೆಂಚವ್ವ. ಅವತ್ತು ಬಾವುಟ ಏಳೋಕೆ ಮುಂಚೆನೇ ನಾನು ವೀಳ್ಯ ಇಟ್ಟುಬಿಟ್ಟೆ. ಒಂದು ಉಸಿರಿನಷ್ಟು ಮುಂಚೆ. ಎಷ್ಟಾದ್ರೂ ಅಣ್ಣಪ್ಪ ನಮ್ದಲ್ವಾ?"

"ನಿಮ್ದೇ ಬಿಡಿ ಮಾವ" ಎಂದೆ. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ.

ಮರುವರ್ಷ ತವರಿಗೆ ಹೋದಾಗ ಅಪ್ಪ ರೊಪ್ಪದ ಬಾಗಿಲಲ್ಲಿ ಕೂತಿದ್ದ. ಅವ್ವ ಒಳಗೆ ಹೋಗುವವರೆಗೆ ಕಾದು, "ಕೆಂಚಿ, ನಿಮ್ಮಾವಂಗೆ ಹೇಳಬ್ಯಾಡ" ಎಂದು ಶುರು ಮಾಡಿದ. "ಅವತ್ತು ಬಾವುಟ ಬೀಸಾಕೆ ಮೊದ್ಲೇ ನಾನು ವೀಳ್ಯ ಇಟ್ಟಿದ್ದೆ ಕಣೇ."

"ಎಷ್ಟು ಮೊದ್ಲು ಅಪ್ಪಾ?"

"ಜಾಸ್ತಿ ಇಲ್ಲ. ಒಂದು ಉಸಿರು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ಯಾಕೆ ನಗ್ತೀಯಾ?"

"ಏನಿಲ್ಲ. ಹಂಗಾದ್ರೆ ಅಣ್ಣಪ್ಪ ನಮ್ದೇ ಬಿಡು" ಎಂದೆ.